ಹರಿದು ಹಂಚಿಹೋದ ಮನಸ್ಸು, ಒಂದಾಗಬೇಕಾದ ಹೃದಯ: ಪೂರ್ಣಹೃದಯದ ಭಕ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಯೇಸುವನ್ನು ಪ್ರೀತಿಸುತ್ತೇನೆ. ಆದರೆ ಆತನ ಮುಂದೆ ಐದು ನಿಮಿಷ ಸುಮ್ನೆ ಕೂರಲು ಆಗುತ್ತಿಲ್ಲ." ಈ ಮಾತನ್ನು ಎಷ್ಟೋ ವಿಶ್ವಾಸಿಗಳ ಬಾಯಲ್ಲಿ ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟು, ನನಗೆ ತಿಳಿದ ಮಟ್ಟಿಗೆ ಉತ್ತರ ಬರೆದಿದ್ದೇನೆ. ಸತ್ಯವೇದ ಪಕ್ಕದಲ್ಲಿದ್ದರೆ ವಚನಗಳನ್ನು ತೆಗೆದು ನೋಡುತ್ತಾ ಓದಿ.

ಪೂರ್ಣಹೃದಯದಿಂದ ಪ್ರೀತಿಸುವುದು ಅಂದರೆ ದಿನವಿಡೀ ದೇವರನ್ನೇ ನೆನೆಯುತ್ತಾ ಕೂರುವುದಾ?

ಅಲ್ಲ. ಹಾಗಿದ್ದರೆ ಹೊಲ ಉಳುವವನಿಗೂ ಮಗು ಸಾಕುವವಳಿಗೂ ಈ ಆಜ್ಞೆಯನ್ನು ಪಾಲಿಸಲು ಆಗುತ್ತಲೇ ಇರಲಿಲ್ಲ.

ಪೂರ್ಣ ಹೃದಯ, ಪೂರ್ಣ ಪ್ರಾಣ, ಪೂರ್ಣ ಶಕ್ತಿಯಿಂದ ದೇವರನ್ನು ಪ್ರೀತಿಸಬೇಕು ಎಂಬ ಮಾತು ಧರ್ಮೋಪದೇಶಕಾಂಡ 6:5ರಲ್ಲಿದೆ. ಎಲ್ಲಕ್ಕಿಂತ ಮುಖ್ಯ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸು ಇದನ್ನೇ ಹೇಳಿದನು. ಮಾರ್ಕನ ಸುವಾರ್ತೆಯಲ್ಲಿ ಪೂರ್ಣ ಬುದ್ಧಿಯೂ ಸೇರಿದೆ (12:30). ಹೀಬ್ರೂ ಭಾಷೆಯಲ್ಲಿ ಹೃದಯ ಅಂದರೆ ಬರೀ ಭಾವನೆಯ ಜಾಗವಲ್ಲ. ಯೋಚನೆ ಮಾಡುವುದೂ ತೀರ್ಮಾನಕ್ಕೆ ಬರುವುದೂ ಅಲ್ಲೇ. ಆದ್ದರಿಂದ ಇದು ಎಷ್ಟು ಜೋರಾಗಿ ಅನ್ನಿಸುತ್ತದೆ ಎಂಬುದರ ಪ್ರಶ್ನೆ ಅಲ್ಲ. ನೀವು ಯಾರ ಕಡೆ ತಿರುಗಿದ್ದೀರಿ ಎಂಬುದರ ಪ್ರಶ್ನೆ.

ಯೆಹೂದದ ಅರಸ ಅಮಚ್ಯನ ಬಗ್ಗೆ ಒಂದು ಸಣ್ಣ ವಚನವಿದೆ. ಅದನ್ನು ಓದಿದಾಗೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಯೆಹೋವನ ದೃಷ್ಟಿಗೆ ಸರಿಯಾದದ್ದನ್ನೇ ಅವನು ಮಾಡಿದನು, ಆದರೆ ಪೂರ್ಣಹೃದಯದಿಂದಲ್ಲ (2 ಪೂರ್ವಕಾಲವೃತ್ತಾಂತ 25:2). ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಅದೇ ಅಧ್ಯಾಯದಲ್ಲಿ ಮುಂದೆ ಅವನು ಎದೋಮ್ಯರನ್ನು ಸೋಲಿಸುತ್ತಾನೆ. ಆಮೇಲೆ ಸೋತವರ ದೇವರುಗಳನ್ನೇ ಹೊತ್ತು ತಂದು ಅಡ್ಡಬೀಳುತ್ತಾನೆ! ಹೃದಯದಲ್ಲಿ ಖಾಲಿ ಉಳಿದಿದ್ದ ಜಾಗಕ್ಕೆ ಬೇರೇನೋ ಬಂದು ಕೂತಿತು.

ಹಾಗಾದರೆ ಒಡೆದ ಹೃದಯವನ್ನು ನಾವೇ ಕೂಡಿಸಿಕೊಳ್ಳಬೇಕಾ? ಕೀರ್ತನೆ 86:11 ನೋಡಿ. ನಿನ್ನ ಹೆಸರಿಗೆ ಭಯಪಡುವ ಹಾಗೆ ನನ್ನ ಹೃದಯವನ್ನು ಒಂದು ಮಾಡು ಎಂದು ದಾವೀದ ಬೇಡುತ್ತಾನೆ. ಒಂದು ಮಾಡಿಕೊಂಡು ಬಂದಿದ್ದೇನೆ ಅನ್ನುವುದಿಲ್ಲ, ಒಂದು ಮಾಡು ಅನ್ನುತ್ತಾನೆ. ಮುಂದಿನ ಉತ್ತರಗಳೆಲ್ಲ ಈ ವಚನದ ಆಸರೆಯಲ್ಲೇ ಬರೆದವು.

ಹಿಂದಿನವರಿಗೆ ಫೋನ್ ಇರಲಿಲ್ಲ. ಅವರಿಗೆ ಭಕ್ತಿ ಸುಲಭವಾಗಿತ್ತು, ಅಲ್ವಾ?

ಖಂಡಿತ ಇಲ್ಲ. 4ನೇ ಶತಮಾನದಲ್ಲಿ ಕೆಲವರು ಎಲ್ಲವನ್ನೂ ಬಿಟ್ಟು ಈಜಿಪ್ಟಿನ ಮರಳುಗಾಡಿಗೆ ಹೋದರು. ಪ್ರಾರ್ಥನೆ ಬಿಟ್ಟು ಬೇರೆ ಏನೂ ಬೇಡ ಅಂದವರು ಅವರು. ಅವರಲ್ಲಿ ಒಬ್ಬನಾದ ಇವಾಗ್ರಿಯಸ್ ಎಂಬ ಸನ್ಯಾಸಿ ನಡುಹಗಲಲ್ಲಿ ಬರುವ ಒಂದು ಕಾಟವನ್ನು ವಿವರಿಸಿದ್ದಾನೆ. ಸೂರ್ಯ ಇದ್ದಲ್ಲೇ ನಿಂತ ಹಾಗೆ ಅನ್ನಿಸುತ್ತದೆ. ಕಣ್ಣು ಕಿಟಕಿಯ ಕಡೆಗೇ ಹೋಗುತ್ತದೆ. ಸಹೋದರರಲ್ಲಿ ಯಾರಾದರೂ ಬರುತ್ತಿದ್ದಾರಾ ಎಂದು ಅತ್ತ ಇತ್ತ ನೋಡುವ ಹಾಗಾಗುತ್ತದೆ. ಯಾರಾದರೂ ಮೆಸೇಜ್ ಮಾಡಿದ್ದಾರಾ ಎಂದು ನಾವು ಗಳಿಗೆಗೊಮ್ಮೆ ಫೋನ್ ಎತ್ತಿ ನೋಡುತ್ತೇವಲ್ಲ, ಇದೂ ಅದೇ ಕಾಟ.

ಹಳೆಯ ಕಾಲದ ಸಭೆಯ ದೊಡ್ಡ ಬೋಧಕ ಅಗಸ್ಟೀನ್ ಇನ್ನೂ ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡಿದ್ದಾನೆ. ಮನೆಯಲ್ಲಿ ಕೂತಿರುವಾಗ ಹಲ್ಲಿ ನೊಣ ಹಿಡಿಯುವುದು ಕಂಡರೆ, ಜೇಡನ ಬಲೆಗೆ ನೊಣ ಸಿಕ್ಕಿಬಿದ್ದರೆ ತನ್ನ ಗಮನ ಅಲ್ಲೇ ನಿಲ್ಲುತ್ತದೆ ಅನ್ನುತ್ತಾನೆ. ಆಮೇಲೆ ಅದರಿಂದ ಸೃಷ್ಟಿಕರ್ತನನ್ನು ಹೊಗಳುತ್ತೇನೆ ನಿಜ, ಆದರೆ ಮೊದಲು ನೋಡಿದ್ದು ಅದಕ್ಕಾಗಿ ಅಲ್ಲ ಎಂದೂ ಹೇಳುತ್ತಾನೆ. ಆತ ಬಿಷಪ್ ಆಗಿದ್ದ ಎಂಬುದನ್ನು ನೆನಪಿಡಿ. ನನಗೆ ಇದರಿಂದ ತುಂಬಾ ಸಮಾಧಾನ ಸಿಕ್ಕಿದೆ.

ಆದರೂ ಒಂದು ವ್ಯತ್ಯಾಸವಿದೆ. ಅಗಸ್ಟೀನನ ಗೋಡೆಯ ಹಲ್ಲಿಗೆ ಅವನ ಗಮನ ಬೇಕಾಗಿರಲಿಲ್ಲ. ನಮ್ಮ ಪರದೆಗೆ ಬೇಕು. ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದರು. 2006ರಲ್ಲಿ ಪುಟ ಮುಗಿಯದೆ ಸುಮ್ನೆ ಕೆಳಗೆ ಸರಿಯುತ್ತಲೇ ಹೋಗುವ ವಿನ್ಯಾಸ ಬಂತು. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಬಟನ್ ಬಂತು. ಪುಸ್ತಕಕ್ಕೆ ಕೊನೆಯ ಪುಟ ಇರುತ್ತದೆ, ಅಲ್ಲಿ ನಾವು ತಲೆ ಎತ್ತುತ್ತೇವೆ. ತಲೆ ಎತ್ತುವ ಆ ಗಳಿಗೆಯನ್ನೇ ಈಗ ತೆಗೆದುಹಾಕಿದ್ದಾರೆ. ಪ್ರಾರ್ಥನೆ ಶುರುವಾಗುತ್ತಿದ್ದದ್ದು ಎಷ್ಟೋ ಸಲ ಅಂಥ ಗಳಿಗೆಯಲ್ಲೇ.

ಕಾಯಿಲೆ ಹಳೆಯದು. ಅದನ್ನು ಕೆರಳಿಸುವ ಸಾಮಾನು ಹೊಸದು. ಹೀಗೆ ತಿಳಿದುಕೊಂಡರೆ ಎಲ್ಲ ತಪ್ಪನ್ನೂ ಫೋನಿನ ಮೇಲೆ ಹಾಕುವುದಿಲ್ಲ, ಫೋನಿನಿಂದ ಏನೂ ಆಗುವುದಿಲ್ಲ ಎಂದು ಸುಮ್ಮನಿರುವುದೂ ಇಲ್ಲ.

ಮಾರ್ಥ ಅಡುಗೆ ಮಾಡಿದ್ದು ತಪ್ಪಾ? ಯಾರಾದರೂ ಮಾಡಲೇಬೇಕಲ್ಲ?

ಈ ಪ್ರಶ್ನೆ ಹೆಚ್ಚಾಗಿ ಮನೆಗೆಲಸದ ಭಾರ ಹೊತ್ತವರಿಂದಲೇ ಬರುತ್ತದೆ. ಅದರ ಹಿಂದೆ ನೋವಿದೆ.

ಲೂಕ 10:38ರಿಂದ 42ರವರೆಗೆ ನಿಧಾನವಾಗಿ ಓದಿ. ಯೇಸು ಮನೆಗೆ ಬಂದಾಗ ಮಾರ್ಥಳು ಉಪಚಾರದ ಕೆಲಸದಲ್ಲಿದ್ದಳು, ಅವಳ ಸಹೋದರಿ ಮರಿಯಳು ಆತನ ಪಾದಗಳ ಬಳಿ ಕೂತು ಮಾತು ಕೇಳುತ್ತಿದ್ದಳು. ಕೆಲಸ ಮಾಡಿದ್ದಕ್ಕೆ ಯೇಸು ಮಾರ್ಥಳನ್ನು ಗದರಿಸಲಿಲ್ಲ. ಎರಡು ಸಲ ಹೆಸರು ಹಿಡಿದು ಕರೆದನು. "ಮಾರ್ಥಳೇ, ಮಾರ್ಥಳೇ." ಅದು ಪ್ರೀತಿಯ ಕರೆ. ಬಹಳ ವಿಷಯಗಳಿಗೆ ಚಿಂತೆ, ಗಡಿಬಿಡಿ ಮಾಡಿಕೊಂಡಿದ್ದೀಯ ಎಂದು ಆತ ಹೇಳಿದ್ದು ಅವಳ ಒಳಗಿನ ಸ್ಥಿತಿಯನ್ನು.

40ನೇ ವಚನದಲ್ಲಿ ಅವಳಿಗೆ ಆದದ್ದನ್ನು ಹೇಳಲು ಲೂಕ ಬಳಸುವ ಗ್ರೀಕ್ ಪದಕ್ಕೆ ಸುತ್ತಲೂ ಎಳೆದಾಡಿಸಿಕೊಳ್ಳುವುದು ಎಂಬ ಅರ್ಥವಿದೆ. ಒಂದು ಬಟ್ಟೆಯನ್ನು ನಾಲ್ಕು ಜನ ನಾಲ್ಕು ಕಡೆಯಿಂದ ಎಳೆದರೆ ಹೇಗಿರುತ್ತದೆ? ಹಾಗೆ. ಪೌಲ 1 ಕೊರಿಂಥ 7:35ರಲ್ಲಿ ಕರ್ತನಿಗೆ ಭಿನ್ನಭಾವವಿಲ್ಲದೆ ಅಂಟಿಕೊಂಡಿರುವುದರ ಬಗ್ಗೆ ಬರೆಯುತ್ತಾನೆ. ಅಲ್ಲಿ ಬರುವ ಪದವೂ ಇದೇ ಮೂಲದ್ದು, ಆದರೆ ಅರ್ಥ ಇದಕ್ಕೆ ವಿರುದ್ಧ: ಎಳೆದಾಟವಿಲ್ಲದೆ. ಈ ಎರಡು ಪದಗಳ ಸಂಬಂಧ ತಿಳಿದ ದಿನ ನಾನು ಆ ಭಾಗವನ್ನು ಮೂರು ಸಲ ಓದಿದೆ.

ಹಾಗಾಗಿ ಮರಿಯಳು ಕೂತಿದ್ದಳು, ಮಾರ್ಥಳು ನಿಂತಿದ್ದಳು ಎಂಬುದು ಇಲ್ಲಿ ವಿಷಯವಲ್ಲ. ಕೂತುಕೊಂಡೂ ಎಳೆದಾಟದಲ್ಲಿರಬಹುದು. ಕೈ ತುಂಬ ಕೆಲಸವಿದ್ದೂ ಒಳಗೆ ಒಂದೇ ಆಗಿರಬಹುದು.

ಪ್ರಾರ್ಥನೆಗೆ ಕೂತ ತಕ್ಷಣ ಮನಸ್ಸು ಓಡುತ್ತದೆ. ಏನು ಮಾಡಲಿ?

ಮೊದಲನೆಯದಾಗಿ, ಹೆದರಬೇಡಿ. ಗೆತ್ಸೇಮನೆ ತೋಟದಲ್ಲಿ ಯೇಸು ಕಲ್ಲೆಸೆತದಷ್ಟು ದೂರದಲ್ಲಿ ಸಂಕಟಪಡುತ್ತಿದ್ದಾಗ ಶಿಷ್ಯರು ನಿದ್ದೆ ಹೋದರು. ಒಂದು ಗಂಟೆಯಾದರೂ ಎಚ್ಚರವಾಗಿರಲು ಆಗಲಿಲ್ಲವೇ ಎಂದು ಆತ ಕೇಳಿದನು. ಆಮೇಲೆ ತಾನೇ ಅವರ ಪರವಾಗಿ ಮಾತಾಡಿದ ಹಾಗೆ, ಮನಸ್ಸಿದೆ, ದೇಹಕ್ಕೆ ಬಲವಿಲ್ಲ ಅಂದನು (ಮತ್ತಾಯ 26:40-41). ನಮ್ಮ ಬಲಹೀನತೆ ಆತನಿಗೆ ಹೊಸ ಸುದ್ದಿಯಲ್ಲ.

ಎರಡನೆಯದು: ಓಡಿಹೋದ ಮನಸ್ಸನ್ನು ಬೈಯಬೇಡಿ. ಕರೆದುಕೊಂಡು ಬನ್ನಿ. ನಾನು ವರ್ಷಗಟ್ಟಲೆ ಇದನ್ನು ತಪ್ಪು ಮಾಡಿದೆ. ಮನಸ್ಸು ಎರಡು ನಿಮಿಷ ಅಲೆದರೆ ಹತ್ತು ನಿಮಿಷ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆ ಹತ್ತು ನಿಮಿಷವೂ ಅಲೆದಾಟವೇ ಎಂದು ತಡವಾಗಿ ಗೊತ್ತಾಯಿತು. ಇಪ್ಪತ್ತು ಸಲ ಮನಸ್ಸು ಹೋಯಿತು ಅಂದುಕೊಳ್ಳಿ. ಇಪ್ಪತ್ತು ಸಲ ನೀವು ದೇವರ ಕಡೆ ತಿರುಗಿದಿರಿ. ಅದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ.

ಹೀಗೆ ತಿರುಗಲು ಒಂದು ಚಿಕ್ಕ ಮಾತು ಕೈಯಲ್ಲಿದ್ದರೆ ಒಳ್ಳೆಯದು. ಸುಮಾರು 360ರಿಂದ 435ರವರೆಗೆ ಬದುಕಿದ್ದ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಹಿರಿಯ ಸನ್ಯಾಸಿಗಳಿಂದ ಕಲಿತ ಪದ್ಧತಿ ಇದು. ಕೀರ್ತನೆ 70ರ ಮೊದಲನೆಯ ವಚನವನ್ನು ಅವರು ಹಗಲೂ ರಾತ್ರಿಯೂ ಬಳಸುತ್ತಿದ್ದರು. ದೇವರೇ, ನನ್ನ ಸಹಾಯಕ್ಕೆ ಬಾ, ತಡಮಾಡಬೇಡ. ಇಷ್ಟೇ. ಹೆದರಿಕೆಯಲ್ಲೂ ಹೊಂದುತ್ತದೆ, ಬೇಸರದಲ್ಲೂ ಹೊಂದುತ್ತದೆ. ಸುಂಕದವನ ಪ್ರಾರ್ಥನೆಯೂ ಹೀಗೇ ಚಿಕ್ಕದು (ಲೂಕ 18:13).

ಇನ್ನು ಕೆಲವು ಸಣ್ಣ ವಿಷಯಗಳು. ಬಾಯಿಬಿಟ್ಟು ಪ್ರಾರ್ಥಿಸಿ. ಸದ್ದಿಲ್ಲದ ಪ್ರಾರ್ಥನೆ ಬೇಗ ಯೋಚನೆಯಾಗಿ ಬದಲಾಗುತ್ತದೆ. ಕೂತರೆ ನಿದ್ದೆ ಬರುವುದಾದರೆ ನಡೆಯುತ್ತಾ ಪ್ರಾರ್ಥಿಸಿ. ಮಾಡಬೇಕಾದ ಕೆಲಸ ನೆನಪಾದರೆ ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಒಂದು ಸಾಲು ಬರೆದು ಬಿಟ್ಟುಬಿಡಿ. ಒಂದೇ ಯೋಚನೆ ಪದೇ ಪದೇ ಬರುತ್ತಿದ್ದರೆ, ಉದಾಹರಣೆಗೆ ಸಾಲದ ಚಿಂತೆಯೋ ಯಾರದೋ ಮೇಲಿನ ಸಿಟ್ಟೋ, ಅದನ್ನು ಓಡಿಸಬೇಡಿ. ಬಹುಶಃ ನೀವು ಇವತ್ತು ದೇವರ ಹತ್ತಿರ ಮಾತಾಡಬೇಕಾದ ವಿಷಯವೇ ಅದು.

ಫೋನಿನಲ್ಲೇ ಬೈಬಲ್ ಓದಿದರೆ ತಪ್ಪಾ?

ತಪ್ಪಲ್ಲ. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರ, ಓದಲು ಬಾರದವರಿಗೆ ಕೇಳುವ ಬೈಬಲ್, ಇವೆಲ್ಲ ದೊಡ್ಡ ಉಪಕಾರ. ಆದರೆ ದಿನದ ಮುಖ್ಯ ಓದಿಗೆ ಸಾಧ್ಯವಾದರೆ ಕಾಗದದ ಪುಸ್ತಕವನ್ನೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಫೋನಿನಲ್ಲಿ ರೋಮಾಪುರದವರಿಗೆ ಬರೆದ ಪತ್ರವೂ ಬಾಸ್ ಕಳಿಸಿದ ಮೆಸೇಜೂ ಒಂದೇ ಕಿಟಕಿಯಲ್ಲಿ ಬರುತ್ತವೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಮೆಸೇಜ್ ನೋಡಿ ವಚನಕ್ಕೆ ಮರಳಿದರೂ ಪೂರ್ತಿಯಾಗಿ ಮರಳಿರುವುದಿಲ್ಲ. ಫೋನೇ ಗತಿ ಅನ್ನುವುದಾದರೆ ಓದುವ ಮೊದಲು ಇಂಟರ್ನೆಟ್ ಆಫ್ ಮಾಡಿ.

ಬೆಳಗಿನ ಜಾವ ಎದ್ದೇ ಪ್ರಾರ್ಥಿಸಬೇಕಾ?

ಯೇಸು ಇನ್ನೂ ಕತ್ತಲಿರುವಾಗ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದನು (ಮಾರ್ಕ 1:35). ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರಿದನು (6:10). ದಾವೀದ ರಾತ್ರಿ ಹಾಸಿಗೆಯ ಮೇಲೆ ದೇವರನ್ನು ನೆನೆದನು (ಕೀರ್ತನೆ 63:6). ಹೊತ್ತು ಯಾವುದಾದರೂ ಆಗಲಿ, ಗೊತ್ತಾದ ಒಂದು ಹೊತ್ತು ಇರಲಿ. ರಾತ್ರಿ ಪಾಳಿಯಲ್ಲಿ ದುಡಿಯುವವರು ಬೆಳಗಿನ ಜಾವಕ್ಕಾಗಿ ಅಪರಾಧಭಾವ ಹೊರುವುದು ಬೇಡ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಹತ್ತು ನಿಮಿಷವೂ ಸಿಗುವುದಿಲ್ಲ. ನನ್ನ ಭಕ್ತಿ ಅರ್ಧಂಬರ್ಧವೇ?

ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ತುಂಬಾ ಜನ ಸುಮ್ನೆ ನೋಯುತ್ತಾರೆ.

ಅಡ್ಡ ಬರುವುದೆಲ್ಲ ಒಂದೇ ತರಹದ್ದಲ್ಲ. ಮಗು ಅಳುತ್ತದೆ. ಫೋನ್ ಟಿಂಗ್ ಅನ್ನುತ್ತದೆ. ಎರಡೂ ನಿಮ್ಮ ಪ್ರಾರ್ಥನೆಯನ್ನು ನಿಲ್ಲಿಸುತ್ತವೆ. ಆದರೆ ಮಗು ನಿಮ್ಮನ್ನು ಪ್ರೀತಿಯ ಕಡೆಗೆ ಕರೆಯುತ್ತಿದೆ. ಆ ಟಿಂಗ್ ಹೆಚ್ಚಿನ ಸಲ ಯಾವುದರ ಕಡೆಗೂ ಕರೆಯುವುದಿಲ್ಲ.

ಮಾರ್ಕ 5ನೇ ಅಧ್ಯಾಯದಲ್ಲಿ ಯೇಸು ಯಾಯೀರನ ಮನೆಗೆ ಹೊರಟಿದ್ದಾನೆ. ಅವನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಇದಕ್ಕಿಂತ ಅವಸರದ ಕೆಲಸ ಉಂಟೇ? ದಾರಿಯಲ್ಲಿ 12 ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಆತನ ಉಡುಪನ್ನು ಮುಟ್ಟುತ್ತಾಳೆ. ಆತ ನಿಲ್ಲುತ್ತಾನೆ. ಯಾರು ಮುಟ್ಟಿದ್ದು ಎಂದು ಕೇಳಿ, ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಮಗಳೇ" ಎಂದು ಕರೆಯುತ್ತಾನೆ. ಮುಂದಿನ ಅಧ್ಯಾಯದಲ್ಲಿ ಶಿಷ್ಯರ ಜೊತೆ ಏಕಾಂತಕ್ಕೆ ಹೋದಾಗಲೂ ಜನ ಬೆನ್ನು ಹತ್ತಿ ಬರುತ್ತಾರೆ. ಆತನಿಗೆ ಕಿರಿಕಿರಿಯಾಗಲಿಲ್ಲ, ಕನಿಕರ ಹುಟ್ಟಿತು (6:34). ತಂದೆಯ ಕಡೆ ಪೂರ್ತಿ ತಿರುಗಿದ್ದ ಆತ ದಾರಿಯಲ್ಲಿ ಅಡ್ಡ ಬಂದವರ ಕಡೆಗೂ ಪೂರ್ತಿ ತಿರುಗಿದನು.

17ನೇ ಶತಮಾನದಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಸನ್ಯಾಸಿಗಳ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಮೊದಲು ಸೈನಿಕ. ಮಠದಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆ. ಆ ಕೆಲಸ ಅವರಿಗೆ ಇಷ್ಟವೂ ಇರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯಲ್ಲಿ ಬದುಕುವುದನ್ನು ಅಭ್ಯಾಸ ಮಾಡಿಕೊಂಡರು. ವಯಸ್ಸಾದ ಮೇಲೆ ಚಪ್ಪಲಿ ಹೊಲಿಯುವ ಕೆಲಸ ಮಾಡಿದರು. 1691ರಲ್ಲಿ ತೀರಿಕೊಂಡ ಈ ಸಾದಾ ಸಹೋದರನಿಂದ ಇವತ್ತಿಗೂ ಎಷ್ಟೋ ದೇಶಗಳ ಜನ ಪ್ರಾರ್ಥನೆ ಕಲಿಯುತ್ತಿದ್ದಾರೆ.

ಮಗುವಿಗೆ ಹಾಲು ಕುಡಿಸುವಾಗ, ಹಿರಿಯರ ಮೈ ಒರೆಸುವಾಗ ಒಂದು ಸಾಲು ಪ್ರಾರ್ಥಿಸಿ. ನೆಹೆಮೀಯ ಅರಸನ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ, ನಿಂತ ನಿಲುವಿನಲ್ಲೇ ಪರಲೋಕದ ದೇವರಿಗೆ ಮೊರೆಯಿಟ್ಟನು (2:4). ಎಷ್ಟು ಸೆಕೆಂಡ್ ಸಿಕ್ಕಿರಬಹುದು ಅವನಿಗೆ? ಮನೆಯವರಿಗೂ ಒಂದು ಮಾತು: ಹೀಗೆ ದುಡಿಯುವವರಿಗೆ ವಾರದಲ್ಲಿ ಒಂದು ಗಂಟೆಯಾದರೂ ಬಿಡುವು ಮಾಡಿಕೊಡುವುದು ನಿಮ್ಮ ಭಕ್ತಿಯ ಭಾಗ.

ಸೋಷಿಯಲ್ ಮೀಡಿಯಾ ಪೂರ್ತಿ ಬಿಟ್ಟುಬಿಡಬೇಕಾ?

ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೆ ಬಲಗಣ್ಣು ಪಾಪಕ್ಕೆ ಎಳೆದರೆ ಕಿತ್ತು ಬಿಸಾಡು ಎಂದು ಹೇಳಿದಾತ (ಮತ್ತಾಯ 5:29) ಒಂದು ಆ್ಯಪ್ ತೆಗೆದುಹಾಕುವುದನ್ನು ದೊಡ್ಡ ತ್ಯಾಗ ಎಂದು ಎಣಿಸಲಾರನು. ಹೋಲಿಕೆ ನೋಡುವುದು, ಹೊಟ್ಟೆಕಿಚ್ಚು, ಕೆಟ್ಟ ದೃಶ್ಯಗಳು, ಜಗಳ, ಇವುಗಳಲ್ಲಿ ಯಾವುದಾದರೂ ನಿಮ್ಮನ್ನು ಅಲ್ಲಿ ಪದೇ ಪದೇ ಬೀಳಿಸುತ್ತಿದ್ದರೆ ಬಿಟ್ಟುಬಿಡಿ. ಚೌಕಾಸಿ ಬೇಡ.

ಗೊತ್ತಾಗುತ್ತಿಲ್ಲ ಅನ್ನುವವರು ಒಂದು ವಾರ ಉಪವಾಸದ ಹಾಗೆ ಬಿಟ್ಟು ನೋಡಿ. ಊಟದ ಉಪವಾಸದಲ್ಲಿ ಹಸಿವು ಮೇಲೆ ಬರುತ್ತದೆ. ಇಲ್ಲಿ ಬೇರೆ ಏನೋ ಮೇಲೆ ಬರುತ್ತದೆ: ಒಂಟಿತನ, ಭಯ, ಯಾರೂ ನನ್ನನ್ನು ನೋಡುತ್ತಿಲ್ಲ ಎಂಬ ತಳಮಳ. ಮೂರನೆಯ ದಿನ ಜಾಸ್ತಿ ಕಾಡಿದ್ದು ಯಾವುದು ಎಂದು ಬರೆದಿಡಿ. ಸಂತೋಷ ಬಂದಾಗ ನೀವು ಮೊದಲು ತಿಳಿಸುವುದು ಯಾರಿಗೆ, ಭಯವಾದಾಗ ಮೊದಲು ಕೈ ಹೋಗುವುದು ಎಲ್ಲಿಗೆ, ಗಮನಿಸಿ. "ಚಿಕ್ಕ ಮಕ್ಕಳೇ, ವಿಗ್ರಹಗಳಿಂದ ದೂರವಾಗಿರಿ" ಎಂಬ ಯೋಹಾನನ ಕೊನೆಯ ಸಾಲು (1 ಯೋಹಾನ 5:21) ನನಗೆ ಅರ್ಥವಾದದ್ದು ಅಂಥ ಒಂದು ವಾರದಲ್ಲಿ.

ಆದರೆ ನಾನು ನೋಡುವುದು ಪ್ರಸಂಗ, ಆರಾಧನೆಯ ಹಾಡು ಮಾತ್ರ. ಅದೂ ಭಕ್ತಿಯೇ ಅಲ್ವಾ?

ಒಳ್ಳೆಯ ಪ್ರಸಂಗ ಕಟ್ಟಿ ಬೆಳೆಸುತ್ತದೆ. ಆದರೂ ಪ್ರೀತಿಯಿಂದಲೇ ಕೇಳುತ್ತೇನೆ: ಇವತ್ತು ದೇವರ ಬಗ್ಗೆ ಎಷ್ಟು ಹೊತ್ತು ಕೇಳಿದಿರಿ? ದೇವರ ಹತ್ತಿರ ಎಷ್ಟು ಹೊತ್ತು ಮಾತಾಡಿದಿರಿ? ಅಪ್ಪನ ಬಗ್ಗೆ ಬೇರೆಯವರು ಆಡುವ ಒಳ್ಳೆಯ ಮಾತುಗಳನ್ನು ದಿನವಿಡೀ ಕೇಳಿ, ಪಕ್ಕದ ಕೋಣೆಯಲ್ಲಿರುವ ಅಪ್ಪನನ್ನು ಮಾತಾಡಿಸದೆ ಮಲಗಿದ ಹಾಗಾಗಬಾರದು. ಯೇಸು ಹೇಳಿದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚು ಎಂದು (ಮತ್ತಾಯ 6:6). ಬಾಗಿಲು ಮುಚ್ಚಿದ ಮೇಲೆ ಪ್ರಸಂಗವನ್ನೂ ನಿಲ್ಲಿಸಿ.

ಆನ್‌ಲೈನ್ ಆರಾಧನೆಯೂ ಹಾಗೇ. ಹಾಸಿಗೆ ಬಿಟ್ಟು ಏಳಲಾಗದವರಿಗೆ ಅದು ವರ. ಏಳಬಲ್ಲವರು ಸಭೆಯಾಗಿ ಕೂಡುವುದನ್ನು ಬಿಡಬಾರದು (ಇಬ್ರಿಯ 10:25). ನೀವು ಬಂದಿಲ್ಲ ಎಂದು ಪರದೆಗೆ ತಿಳಿಯುವುದಿಲ್ಲ, ಪಕ್ಕದ ಬೆಂಚಿನವರಿಗೆ ತಿಳಿಯುತ್ತದೆ.

ಎಷ್ಟು ಓದಬೇಕು? ಧ್ಯಾನ ಅಂದರೆ ಹೇಗೆ ಮಾಡುವುದು?

66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರ್ನಾಲ್ಕು ಅಧ್ಯಾಯ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಒಮ್ಮೆಯಾದರೂ ಹಾಗೆ ಓದಿ. ಆದರೆ ಓಡುವ ಮನಸ್ಸಿಗೆ ಮದ್ದು ಬೇಕಾದವರು ಕಡಿಮೆ ಓದಿ, ಹೆಚ್ಚು ಹೊತ್ತು ಅಲ್ಲೇ ಇರುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಕೀರ್ತನೆ 1:2ರಲ್ಲಿ ಹಗಲಿರುಳು ಧ್ಯಾನಿಸುವುದು ಎಂಬಲ್ಲಿ ಬರುವ ಹೀಬ್ರೂ ಪದಕ್ಕೆ ಗುನುಗುವುದು, ಮೆಲ್ಲನೆ ಉಚ್ಚರಿಸುವುದು ಎಂಬ ಅರ್ಥವಿದೆ. ಯೆಶಾಯ 31:4ರಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಗುರುಗುಟ್ಟುವುದಕ್ಕೂ 38:14ರಲ್ಲಿ ಪಾರಿವಾಳ ನರಳುವುದಕ್ಕೂ ಅದೇ ಪದ. ಅಂದರೆ ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡುವುದಲ್ಲ. ಬಾಯಲ್ಲಿ ಇಟ್ಟುಕೊಂಡು ಅಗಿಯುವುದು. ಒಂದು ವಚನ ತೆಗೆದುಕೊಳ್ಳಿ. ಗಟ್ಟಿಯಾಗಿ ಓದಿ. ಪ್ರತಿ ಪದದ ಮೇಲೂ ಒಂದೊಂದು ಸಲ ಒತ್ತು ಕೊಟ್ಟು ಓದಿ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅದನ್ನೇ ಗುನುಗಿ. ಫೋನ್ ಎತ್ತುವ ಕೈಗೆ ಬೇರೆ ಕೆಲಸ ಸಿಗುತ್ತದೆ.

ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ತೆಗೆದುಕೊಳ್ಳುವುದು ಕಡ್ಡಾಯವಾ?

ಈ ವಿಷಯದಲ್ಲಿ ಸಭೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಕಡ್ಡಾಯವೋ ಅಲ್ಲವೋ, ಅದು ಉಡುಗೊರೆ ಎಂಬುದಂತೂ ನಿಜ. ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಮನುಷ್ಯರಿಗಾಗಿ ಉಂಟಾಯಿತು ಎಂದು ಯೇಸುವೇ ಹೇಳಿದನು (ಮಾರ್ಕ 2:27). ಒಂದು ದಿನ ಆಗದಿದ್ದರೆ ಅರ್ಧ ದಿನವಾದರೂ ಪರದೆಗಳನ್ನು ಮುಚ್ಚಿಡಿ. ನಾನಿಲ್ಲದೆಯೂ ಲೋಕ ನಡೆಯುತ್ತದೆ ಎಂದು ಒಪ್ಪಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಕ್ಕಿಲ್ಲ.

ಏನೂ ಅನ್ನಿಸುವುದೇ ಇಲ್ಲ. ಒಳಗೆ ಬತ್ತಿಹೋದ ಹಾಗಿದೆ. ಸುಮ್ನೆ ನಾಟಕ ಮಾಡುತ್ತಿದ್ದೇನಾ?

ಎಫೆಸದ ಸಭೆ ಮೊದಲಿದ್ದ ಪ್ರೀತಿಯನ್ನು ಬಿಟ್ಟಿತ್ತು. ಯೇಸು ಅವರಿಗೆ ಹೇಳಿದ ಮಾತಿನಲ್ಲಿ ಭಾವನೆ ತರಿಸಿಕೊಳ್ಳಿ ಎಂಬುದಿಲ್ಲ. ನೆನಪು ಮಾಡಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮಾಡು ಎಂದಿದೆ (ಪ್ರಕಟಣೆ 2:5). ಭಾವನೆ ಇಲ್ಲದೆಯೂ ಹೀಗೆ ಮಾಡುವುದು ನಾಟಕವಲ್ಲ, ನಂಬಿಗಸ್ತಿಕೆ.

ಆದರೆ ದೇಹವನ್ನೂ ನೋಡಿಕೊಳ್ಳಿ. ಎಲೀಯ ಸಾಯಬೇಕು ಎಂದು ಬೇಡಿಕೊಂಡಾಗ ದೇವರು ಮೊದಲು ಕೊಟ್ಟದ್ದು ನಿದ್ದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ಅದೂ ಎರಡು ಸಲ (1 ಅರಸುಗಳು 19). ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ದಯವಿಟ್ಟು ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ವೈದ್ಯರನ್ನು ನೋಡಿ. ಅದು ವಿಶ್ವಾಸದ ಕೊರತೆ ಅಲ್ಲವೇ ಅಲ್ಲ.

ಎಷ್ಟೋ ಸಲ ತೀರ್ಮಾನ ಮಾಡಿ ಮುರಿದಿದ್ದೇನೆ. ಈ ಸಲ ಎಲ್ಲಿಂದ ಶುರು ಮಾಡಲಿ?

ಮುರಿದವರ ಜೊತೆ ಕರ್ತನು ಹೇಗೆ ನಡೆದುಕೊಳ್ಳುತ್ತಾನೆ ಎಂದು ಪೇತ್ರನನ್ನು ನೋಡಿ ತಿಳಿಯಬಹುದು. ತನ್ನನ್ನು ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದ್ದ ಆ ಶಿಷ್ಯನಿಗೆ ಯೇಸು ಕೆರೆಯ ದಡದಲ್ಲಿ ಬೆಳಗಿನ ಊಟ ಸಿದ್ಧಮಾಡಿ, ಮೂರು ಸಲ ಒಂದೇ ಪ್ರಶ್ನೆ ಕೇಳಿದನು. ನೀನು ನನ್ನನ್ನು ಪ್ರೀತಿಸುತ್ತೀಯೋ (ಯೋಹಾನ 21). ಇನ್ನು ಮುಂದೆ ತಪ್ಪುವುದಿಲ್ಲ ತಾನೇ ಎಂದು ಕೇಳಲಿಲ್ಲ.

ದೊಡ್ಡ ತೀರ್ಮಾನ ಬೇಡ. ಇವತ್ತು ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ. ಸತ್ಯವೇದದಲ್ಲಿ ಕೀರ್ತನೆ 117 ತೆಗೆಯಿರಿ. ಎರಡೇ ವಚನ, ಇಡೀ ಸತ್ಯವೇದದ ಅತಿ ಚಿಕ್ಕ ಅಧ್ಯಾಯ. ಗಟ್ಟಿಯಾಗಿ ಓದಿ. ಆಮೇಲೆ 86:11ನ್ನು ನಿಮ್ಮದೇ ಮಾತಿನಲ್ಲಿ ಬೇಡಿಕೊಂಡು ಮಲಗಿ. ನಾಳೆಯ 118ನೇ ಕೀರ್ತನೆಗೆ 29 ವಚನಗಳಿವೆ. ಅದನ್ನು ಒಂದೇ ದಿನ ಮುಗಿಸಬೇಕಾಗಿಲ್ಲ, ಐದೈದು ವಚನ ಓದಿ.